ಕಡಿದ ಮರ ಮತ್ತೆ ಬೆಳೆಯುತ್ತದೆ, ಸರಿ. ಕಾಡೂ ಮತ್ತೆ ಬೆಳೆಯುತ್ತದಾ?

ಹಸಿರೆಲೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಒಂದೇ ವಾದ ತಲೆ ಕೊರೆಯುತ್ತಿದೆ. ನನ್ನ ಗೆಳೆಯನೊಬ್ಬ ನಾಟಾ ವ್ಯಾಪಾರದವನು. ಅವನು ಹೇಳುವುದು ಇಷ್ಟೇ: "ಮರ ಅನ್ನೋದು ಒಂದು ಬೆಳೆ. ಕಡಿದರೆ ಮತ್ತೆ ಬರುತ್ತದೆ. ಕಬ್ಬಿಣ, ಸಿಮೆಂಟು ಹಾಗೆ ಬರುತ್ತಾ? ಎಕರೆಗೆ ನಾಲ್ಕು ಮರ ಆರಿಸಿ ತೆಗೆದರೆ ಅಷ್ಟು ದೊಡ್ಡ ಕಾಡಿಗೆ ಏನಾಗುತ್ತದೆ?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಮನಸ್ಸು ಒಪ್ಪಲಿಲ್ಲ. ಯಾಕೆಂದರೆ ಹತ್ತು ವರ್ಷದ ಹಿಂದೆ ದಿಮ್ಮಿ ಎಳೆದ ಒಂದು ಜಾಗವನ್ನು ನಾನು ನೋಡಿದ್ದೇನೆ. ಮರಗಳಿದ್ದವು. ಆದರೂ ಅದು ಕಾಡು ಅನ್ನಿಸಲಿಲ್ಲ. ನೆಲ ಗಟ್ಟಿ. ಬಿಸಿಲು ನೇರ ಬುಡಕ್ಕೇ ಬೀಳುತ್ತಿತ್ತು. ಎಲ್ಲಿ ನೋಡಿದರೂ ಮುಳ್ಳುಪೊದೆ, ಬಳ್ಳಿ.

ಹಾಗಾದರೆ ಮರ ಕಡಿದಾಗ ಕಾಡಿಗೆ ಬೀಳುವ ನಿಜವಾದ ಪೆಟ್ಟು ಯಾವುದು? ಹೋದ ಆ ನಾಲ್ಕು ಮರವಾ, ಅಥವಾ ಬೇರೇನಾದರೂ ಇದೆಯಾ?

ಮರಕುಟಿಗ

ತೋಪು ಬೆಳೆ. ಕಾಡು ಬೆಳೆ ಅಲ್ಲ. ನಿಮ್ಮ ಗೆಳೆಯ ಎರಡನ್ನೂ ಒಂದೇ ಮಾಡಿದ್ದಾರೆ.

ಲೆಕ್ಕದ ಪುಸ್ತಕ

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳೋಣ, ಇಲ್ಲದಿದ್ದರೆ ಚರ್ಚೆ ದಾರಿ ತಪ್ಪುತ್ತದೆ. ಕಾಡು ಹೋಗುವುದು ಬೇರೆ, ಕಾಡು ಕೆಡುವುದು ಬೇರೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಭೂಮಿಯ ನೆಲದಲ್ಲಿ 31% ಕಾಡು. ಅಂದರೆ ಸುಮಾರು 406 ಕೋಟಿ ಹೆಕ್ಟೇರ್. 1990ರಿಂದ ಆ ಹೊತ್ತಿಗೆ 42 ಕೋಟಿ ಹೆಕ್ಟೇರ್ ಕಾಡು ಬೇರೆ ಬಳಕೆಗೆ ಹೋಗಿತ್ತು. ಅದರಲ್ಲಿ ದೊಡ್ಡ ಪಾಲು ಹೊಲ, ಹುಲ್ಲುಗಾವಲು, ತೋಟಗಳಿಗೆ ಹೋದದ್ದು. ದಿಮ್ಮಿಗಾಗಿಯೇ ಪೂರ್ತಿ ಬೋಳಾದ ಕಾಡು ಅಷ್ಟಿಲ್ಲ.

ಆದರೆ ಕಾಡು ನಿಂತೇ ಇದ್ದು ಒಳಗಿಂದ ಕೆಡುವುದಿದೆಯಲ್ಲ, ಉಷ್ಣವಲಯದಲ್ಲಿ ಅದಕ್ಕೆ ಮೊದಲ ಕಾರಣವೇ ಮರ ಕಡಿತ. ನಕ್ಷೆಯಲ್ಲಿ ಅದು ಹಸಿರಾಗಿಯೇ ಕಾಣುತ್ತದೆ. ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಸಿರೆಲೆಯವರು ನೋಡಿದ್ದು ಇದನ್ನೇ.

ಹಳೇ ಗರಗಸ

ನಾನು ಒಂಬತ್ತು ವರ್ಷ ಮರ ಕಡಿಯುವ ತಂಡದಲ್ಲಿದ್ದೆ. ಈಗ ಆ ಕೆಲಸ ಬಿಟ್ಟಿದ್ದೇನೆ. ಇದಕ್ಕೆ ನಾನು ಉತ್ತರ ಕೊಡಬಲ್ಲೆ.

ನಾಲ್ಕು ಮರ ಅಂದರೆ ನಾಲ್ಕು ಮರ ಅಲ್ಲ. ದೊಡ್ಡ ಮರ ಒಂಟಿಯಾಗಿ ಬೀಳುವುದಿಲ್ಲ. ಅದರ ನೆತ್ತಿಗೆ ಬಳ್ಳಿ ಸುತ್ತಿರುತ್ತದೆ. ಆ ಬಳ್ಳಿ ಪಕ್ಕದ ಮೂರು ಮರಕ್ಕೂ ಹಬ್ಬಿರುತ್ತದೆ. ಒಂದು ಬಿದ್ದರೆ ಉಳಿದವನ್ನೂ ಎಳೆದುಕೊಂಡೇ ಬೀಳುತ್ತದೆ. ಕೊಂಬೆ ಮುರಿಯುತ್ತದೆ, ತೊಗಟೆ ಸುಲಿಯುತ್ತದೆ, ಕೆಲವು ಬುಡಸಮೇತ ಏಳುತ್ತವೆ. ಕೆಳಗೆ ಬೆಳೆಯುತ್ತಿದ್ದ ಎಳೆ ಮರಗಳ ಕತೆ ಕೇಳಲೇಬೇಡಿ.

ಆಮೇಲೆ ದಿಮ್ಮಿ ಎಳೆಯಬೇಕು. ಯಂತ್ರ ಒಳಗೆ ಬರಬೇಕು. ಆ ಚಾಲಕನಿಗೆ ದಿಮ್ಮಿ ಎಲ್ಲಿ ಬಿದ್ದಿದೆ ಅಂತ ಸರಿಯಾಗಿ ಯಾರೂ ಹೇಳಿರುವುದಿಲ್ಲ. ಅವನು ಹುಡುಕುತ್ತಾ ಸುತ್ತುತ್ತಾನೆ. ಸುತ್ತಿದಲ್ಲೆಲ್ಲಾ ಒಂದು ದಾರಿ. ನಾನು ಕೆಲಸ ಮಾಡಿದ ಒಂದು ಕಡೆ ಮೇಲಿನವರಿಗೆ ಬೇಕಿದ್ದದ್ದು ದಿನಕ್ಕೆ ಎಷ್ಟು ದಿಮ್ಮಿ ಬಂತು ಅನ್ನೋದೊಂದೇ. ಕಡಿದ ಮೇಲೆ ದಿಮ್ಮಿ ಸಿಗದೆ ಅಲ್ಲೇ ಕೊಳೆತದ್ದೂ ಇದೆ. ಆ ಮರಗಳ ನೆನಪು ಈಗಲೂ ನೋವು ಕೊಡುತ್ತದೆ. ಯಾರಿಗೂ ಉಪಯೋಗಕ್ಕೆ ಬರಲಿಲ್ಲ, ಸುಮ್ನೆ ಸತ್ತವು.

ಹಸಿರೆಲೆ

ಗರಗಸ ಅವರೇ, ಹಾಗಾದರೆ ಬಳ್ಳಿಯನ್ನು ಮೊದಲೇ ಕತ್ತರಿಸಿದರೆ?

ಹಳೇ ಗರಗಸ

ಅದೇ ಮಾಡಬೇಕಾದ್ದು. ಮರ ಕಡಿಯುವ ಕೆಲವು ತಿಂಗಳ ಮೊದಲು ಬಳ್ಳಿ ಕತ್ತರಿಸಿಟ್ಟರೆ ಅದು ಒಣಗಿ ಸಡಿಲವಾಗುತ್ತದೆ. ಮರ ಯಾವ ಕಡೆ ಬೀಳಬೇಕು ಅಂತ ನೋಡಿ ಬುಡದಲ್ಲಿ ಕಚ್ಚು ಹಾಕಬೇಕು. ಎಳೆಯುವ ದಾರಿ ಮೊದಲೇ ನಕ್ಷೆಯಲ್ಲಿರಬೇಕು. ಬೋರ್ನಿಯೋದ ಸಬಾದಲ್ಲಿ 1990ರ ದಶಕದಲ್ಲಿ ಇದನ್ನು ಪಕ್ಕಾ ಕ್ರಮದಲ್ಲಿ ಮಾಡಿ ನೋಡಿದರು. ಉಳಿದ ಮರಗಳಿಗೆ ಬೀಳುವ ಪೆಟ್ಟು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಮಣ್ಣಿನ ವಾಸನೆ

ಯಂತ್ರದ ದಾರಿ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ. ಮಣ್ಣು ನನ್ನ ವಿಷಯ.

ಕಾಡಿನ ಮಣ್ಣು ಸ್ಪಂಜಿನ ಹಾಗೆ. ಅರ್ಧ ಭಾಗ ಬರೀ ರಂಧ್ರ. ಆ ರಂಧ್ರಗಳಲ್ಲೇ ಗಾಳಿ, ನೀರು, ಬೇರು ಎಲ್ಲಾ ಓಡಾಡುವುದು. ಹತ್ತಾರು ಟನ್ ತೂಕದ ಯಂತ್ರ ಮೇಲೆ ಹೋದರೆ ಅವು ಮುಚ್ಚಿಕೊಳ್ಳುತ್ತವೆ. ಇಲ್ಲಿ ಜನ ಗಮನಿಸದ ವಿಷಯ ಒಂದಿದೆ: ಬಹುಪಾಲು ಹಾನಿ ಮೊದಲ ಕೆಲವು ಸಲ ಓಡಾಡುವಾಗಲೇ ಆಗಿಬಿಡುತ್ತದೆ. ಆಮೇಲೆ ಅದೇ ದಾರಿಯಲ್ಲಿ ಐವತ್ತು ಸಲ ಹೋದರೂ ಹೊಸದಾಗಿ ಕೆಡುವುದು ಕಡಿಮೆ. ಹಾಗಾಗಿ "ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ಓಡಿಸಿದೆವು, ಏನೂ ಆಗಲ್ಲ" ಅನ್ನುವುದೇ ಅತಿ ಕೆಟ್ಟ ಪದ್ಧತಿ. ಒಂದೇ ದಾರಿ ಇಟ್ಟುಕೊಳ್ಳಿ, ಅದನ್ನೇ ಮತ್ತೆ ಮತ್ತೆ ಬಳಸಿ.

ಒತ್ತಿಹೋದ ಮಣ್ಣು ತಾನಾಗಿ ಸಡಿಲವಾಗಲು ದಶಕಗಳು ಬೇಕು. ಮಳೆ ನೀರು ಒಳಗೆ ಇಂಗುವುದಿಲ್ಲ, ಮೇಲೇ ಹರಿಯುತ್ತದೆ, ಮೇಲ್ಮಣ್ಣನ್ನೂ ಹೊತ್ತುಕೊಂಡು ಹೋಗುತ್ತದೆ. ಒದ್ದೆ ಮಣ್ಣಿನ ಮೇಲೆ ಯಂತ್ರ ಹೋದರೆ ಇನ್ನೂ ಕೆಟ್ಟದ್ದು. ಹಸಿರೆಲೆಯವರ ಕಾಲಿಗೆ ಗಟ್ಟಿ ನೆಲ ಸಿಕ್ಕಿದ್ದು ಅದಕ್ಕೇ.

ನೇರ ಮಾತು

ಎಲ್ಲಾ ಸರಿ. ಆದರೆ ಬಿರುಗಾಳಿಗೂ ಮರ ಬೀಳುತ್ತದೆ. ಬೆಂಕಿಗೂ ಕಾಡು ಸುಡುತ್ತದೆ. ಕಾಡು ಅದನ್ನೆಲ್ಲಾ ತಡೆದುಕೊಂಡೇ ಬಂದಿದೆ ಅಲ್ವಾ? ಮನುಷ್ಯ ಕಡಿದಾಗ ಮಾತ್ರ ಯಾಕೆ ಇಷ್ಟು ಆತಂಕ?

ಮರಕುಟಿಗ

ಬಿರುಗಾಳಿ ದಿಮ್ಮಿಯನ್ನು ಲಾರಿಗೆ ತುಂಬಿಕೊಂಡು ಹೋಗಲ್ಲ. ಉತ್ತರ ಅಲ್ಲೇ ಇದೆ.

ಬಿದ್ದ ಮರ ಅಲ್ಲೇ ಇರುತ್ತದೆ. ಕೊಳೆಯುತ್ತದೆ. ಅದರೊಳಗೆ ಹುಳ, ಜೀರುಂಡೆ, ಅಣಬೆ, ಪಾಚಿ ಬೆಳೆಯುತ್ತವೆ. ಕಾಡಿನ ಜೀವಜಾತಿಗಳಲ್ಲಿ ಸುಮಾರು ಕಾಲುಭಾಗ ಒಂದಲ್ಲ ಒಂದು ರೀತಿ ಸತ್ತ ಮರವನ್ನೇ ನಂಬಿವೆ. ಸ್ವೀಡನ್, ಫಿನ್‌ಲ್ಯಾಂಡ್‌ಗಳಲ್ಲಿ ಬಿಳಿ ಬೆನ್ನಿನ ಮರಕುಟಿಗ ಅಪರೂಪವಾಗಿದ್ದು ಯಾಕೆ? ಅಲ್ಲಿ ಕಾಡಿಗೇನೂ ಬರವಿಲ್ಲ. ಆದರೆ ಚೊಕ್ಕಟ ಮಾಡಿದ ಕಾಡು. ಕೊಳೆಯುವ ಅಗಲೆಲೆ ಮರ ಇಲ್ಲ, ಒಳಗೆ ಹುಳ ಇಲ್ಲ, ಹಕ್ಕಿಗೆ ಊಟ ಇಲ್ಲ. (ನನ್ನ ಹೆಸರು ನೋಡಿ ಪಕ್ಷಪಾತ ಅನ್ನಬೇಡಿ, ಈ ಹಕ್ಕಿ ವಿಷಯ ನಿಜಕ್ಕೂ ಮನಸ್ಸಿಗೆ ತಟ್ಟಿದ್ದು.)

ಪೊಟರೆ

ಮರಕುಟಿಗ ಅವರ ಮಾತಿಗೆ ನನ್ನದೂ ಒಂದು. ಸತ್ತ ಮರದಷ್ಟೇ ಮುದಿ ಮರವೂ ಮುಖ್ಯ. ಮಂಗಟ್ಟೆ ಹಕ್ಕಿ ತಾನೇ ಪೊಟರೆ ಕೊರೆಯಲಾರದು. ದೊಡ್ಡ ಮರದಲ್ಲಿ ಆಗಲೇ ಇರುವ ಪೊಟರೆ ಬೇಕು. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಂಡು ಮರಿ ಮಾಡುತ್ತದೆ. ಅಂಥ ಮರವೇ ನಾಟಾದವರ ಕಣ್ಣಿಗೂ ಮೊದಲು ಬೀಳುವುದು.

ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಲೆಡ್‌ಬೀಟರ್ಸ್ ಪೋಸಮ್ ಅಂತ ಅಂಗೈಯಲ್ಲಿ ಹಿಡಿಸುವ ಪ್ರಾಣಿ ಇದೆ. ಅದಕ್ಕೂ ಪೊಟರೆ ಬೇಕು. ಅಲ್ಲಿನ ಮೌಂಟನ್ ಆಶ್ ಮರದಲ್ಲಿ ಪೊಟರೆ ಮೂಡಲು ನೂರು ವರ್ಷಕ್ಕಿಂತ ಜಾಸ್ತಿ ಬೇಕು. 60-80 ವರ್ಷಕ್ಕೊಮ್ಮೆ ಕಡಿಯುತ್ತಾ ಹೋದರೆ ಪೊಟರೆ ಹುಟ್ಟುವುದೇ ಇಲ್ಲ. ಮರ ಬರುತ್ತದೆ, ಮನೆ ಬರಲ್ಲ. ವಿಕ್ಟೋರಿಯಾ 2024ರ ಜನವರಿ 1ರಿಂದ ನೈಸರ್ಗಿಕ ಕಾಡಿನಲ್ಲಿ ಕಡಿಯುವುದನ್ನು ನಿಲ್ಲಿಸಿತು. ಅದನ್ನು ಕೇಳಿದ ದಿನ ನನಗೆ ತುಂಬಾ ಸಂತೋಷವಾಯಿತು.

ತೊರೆಯ ದಂಡೆ

ನೀರಿನ ಮಾತು ಯಾರೂ ಎತ್ತಲಿಲ್ಲ. ನಾನು ಎತ್ತುತ್ತೇನೆ.

ಅಮೆರಿಕದ ಒರೆಗಾನ್‌ನಲ್ಲಿ ಆಲ್ಸಿ ಜಲಾನಯನದ ಅಧ್ಯಯನ ನಡೆಯಿತು. 1959ರಿಂದ 1973ರವರೆಗೆ. ಅಕ್ಕಪಕ್ಕದ ಮೂರು ತೊರೆ. ಒಂದರ ಸುತ್ತ ಮರ ಮುಟ್ಟಲಿಲ್ಲ. ಇನ್ನೊಂದರಲ್ಲಿ ತುಂಡು ತುಂಡಾಗಿ ಕಡಿದು ದಂಡೆಯ ಮರ ಉಳಿಸಿದರು. ಮೂರನೆಯದರಲ್ಲಿ 1966ರಲ್ಲಿ ದಂಡೆವರೆಗೂ ಪೂರ್ತಿ ಬೋಳು ಮಾಡಿದರು. ಮೂರನೆಯ ತೊರೆಯ ನೀರು ಬೇಸಿಗೆಯಲ್ಲಿ ಎಷ್ಟು ಬಿಸಿಯಾಯಿತೆಂದರೆ ತಣ್ಣೀರಿನ ಮೀನುಗಳಿಗೆ ಕಷ್ಟವಾಯಿತು. ದಂಡೆಯ ಮರ ಉಳಿಸಿದ ತೊರೆಯಲ್ಲಿ ಅಷ್ಟು ವ್ಯತ್ಯಾಸ ಆಗಲಿಲ್ಲ. ತೊರೆ ಪಕ್ಕ ಒಂದು ಪಟ್ಟಿ ಮರ ಬಿಡಿ ಅಂತ ಈಗ ಹಲವು ಕಡೆ ನಿಯಮ ಇದೆಯಲ್ಲ, ಅದರ ಹಿಂದೆ ಇಂಥ ಅಧ್ಯಯನಗಳಿವೆ.

ಇನ್ನೊಂದು ಅಧ್ಯಯನ, ಅಮೆರಿಕದ್ದೇ ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್. 1965-66ರ ಚಳಿಗಾಲದಲ್ಲಿ ಒಂದು ಇಡೀ ಕಣಿವೆಯ ಮರ ಕಡಿದು, ದಿಮ್ಮಿಯನ್ನು ಅಲ್ಲೇ ಬಿಟ್ಟರು. ದಾರಿ ಮಾಡಲಿಲ್ಲ, ಯಂತ್ರ ಓಡಿಸಲಿಲ್ಲ. ಆದರೂ ಮೊದಲ ವರ್ಷ ತೊರೆಗೆ ಬಂದ ನೀರು ಸುಮಾರು 40% ಜಾಸ್ತಿ. ಅದರ ಜೊತೆ ನೈಟ್ರೇಟ್ ಹಲವು ಹತ್ತು ಪಟ್ಟು ಏರಿತು. ಕಾಡು ವರ್ಷಗಟ್ಟಲೆ ಕೂಡಿಟ್ಟ ಗೊಬ್ಬರ ತೊಳೆದುಹೋಯಿತು.

ನೇರ ಮಾತು

ಒಂದು ನಿಮಿಷ. ಹಬ್ಬರ್ಡ್ ಬ್ರೂಕ್‌ನಲ್ಲಿ ಕಳೆನಾಶಕ ಹೊಡೆದು ಚಿಗುರು ಬರದಂತೆ ಮಾಡಿದ್ದರು. ಅದನ್ನು ನೀವು ಬಿಟ್ಟಿದ್ದೀರಿ. ಸಾಮಾನ್ಯ ಕಡಿತಕ್ಕೂ ಅದಕ್ಕೂ ಹೋಲಿಕೆ ಮಾಡುವುದು ನ್ಯಾಯ ಅಲ್ಲ.

ಇನ್ನೊಂದು. ಮರ ಕಡಿದರೆ ನೀರು ಬತ್ತುತ್ತದೆ ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ನೀವು ನೋಡಿದರೆ 40% ಜಾಸ್ತಿ ಅಂತೀರಿ. ಯಾವುದು ಸರಿ?

ತೊರೆಯ ದಂಡೆ

ಮೊದಲನೆಯದು ಒಪ್ಪಿದೆ, ಅದನ್ನು ಹೇಳಬೇಕಿತ್ತು. ಮೂರು ಬೇಸಿಗೆ ಕಳೆನಾಶಕ ಹೊಡೆದರು. ಆದರೆ ಆ ಪ್ರಯೋಗ ತೋರಿಸಿದ್ದೇ ಅದನ್ನು: ಎಳೆ ಚಿಗುರು ಬರುವುದೇ ಮಣ್ಣಿನ ಗಾಯಕ್ಕೆ ಔಷಧಿ. ಹೊಡೆಯುವುದು ನಿಲ್ಲಿಸಿ ಗಿಡ ಎದ್ದ ಮೇಲೆ ನೈಟ್ರೇಟ್ ಇಳಿಯಿತು. ಆದ್ದರಿಂದ ಕಡಿದ ಜಾಗವನ್ನು ಕೆರೆದು, ಸುಟ್ಟು, ಬೋಳಾಗಿ ಇಡುವವರಿಗೆ ಇದು ನೇರವಾಗಿ ಅನ್ವಯಿಸುತ್ತದೆ.

ಎರಡನೆಯದಕ್ಕೆ ಉತ್ತರ ಉದ್ದ. ಮರ ಪಂಪಿನ ಹಾಗೆ ನೀರು ಎಳೆದು ಗಾಳಿಗೆ ಬಿಡುತ್ತದೆ. ಪಂಪು ನಿಂತರೆ ತೊರೆಗೆ ನೀರು ಜಾಸ್ತಿ. ಆದರೆ ಅದು ಮೊದಲ ಕೆಲವು ವರ್ಷ. ಆಮೇಲೆ ಎಳೆ ಮರಗಳು ಒತ್ತಾಗಿ ಎದ್ದು ಹಳೆ ಕಾಡಿಗಿಂತ ಜಾಸ್ತಿ ನೀರು ಕುಡಿಯುವುದೂ ಇದೆ. ಮೆಲ್ಬರ್ನ್ ನಗರಕ್ಕೆ ನೀರು ಕೊಡುವ ಗುಡ್ಡಗಳಲ್ಲಿ 1939ರ ಬೆಂಕಿಯ ನಂತರ ಹೊಸ ಮೌಂಟನ್ ಆಶ್ ಕಾಡು ಬಂತು. ಅದು 25-30 ವರ್ಷದ ಪ್ರಾಯಕ್ಕೆ ಬರುವಾಗ ತೊರೆಗಳಿಗೆ ಸಿಗುವ ನೀರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮತ್ತೆ ಮೊದಲಿನಂತಾಗಲು ನೂರು ವರ್ಷಕ್ಕಿಂತ ಜಾಸ್ತಿ ಬೇಕು ಅನ್ನುವುದು ಅಲ್ಲಿನ ಅಂದಾಜು.

ಅಂದರೆ ಎಷ್ಟು ನೀರು ಅನ್ನುವುದು ಒಂದು ಪ್ರಶ್ನೆ. ಯಾವಾಗ, ಎಷ್ಟು ಹೂಳಿನ ಜೊತೆ ಬರುತ್ತದೆ ಅನ್ನುವುದು ಇನ್ನೊಂದು. ಹೂಳಿನ ಮೂಲ ಹೆಚ್ಚಾಗಿ ಮರದ ಬುಡ ಅಲ್ಲ, ಗುಡ್ಡ ಕಡಿದು ಮಾಡಿದ ರಸ್ತೆ.

ಮಣ್ಣಿನ ವಾಸನೆ

ಗುಡ್ಡ ಅಂದಾಗ ನೆನಪಾಯಿತು. ಇಳಿಜಾರಿನಲ್ಲಿ ಮರ ಕಡಿದ ವರ್ಷವೇ ಗುಡ್ಡ ಜರಿಯದಿರಬಹುದು. ಬೇರು ಇನ್ನೂ ಗಟ್ಟಿ ಇರುತ್ತದೆ. ಆದರೆ ಬೊಡ್ಡೆ ಸತ್ತಿದೆ, ಬೇರು ಒಳಗೇ ಕೊಳೆಯುತ್ತಾ ಬರುತ್ತದೆ. ಹೊಸ ಸಸಿಗಳ ಬೇರು ಇನ್ನೂ ಆಳಕ್ಕೆ ಇಳಿದಿರುವುದಿಲ್ಲ. ಕಡಿದು ಸುಮಾರು 3ರಿಂದ 15 ವರ್ಷದ ನಡುವೆ ಗುಡ್ಡವನ್ನು ಹಿಡಿದಿಡುವವರೇ ಇಲ್ಲ. ಜೋರು ಮಳೆ ಬಂದು ಜರಿದಾಗ ಜನ ಮಳೆಯನ್ನು ಬೈಯುತ್ತಾರೆ. ಮರ ಕಡಿದದ್ದು ಅಷ್ಟರಲ್ಲಿ ಎಲ್ಲರಿಗೂ ಮರೆತುಹೋಗಿರುತ್ತದೆ.

ಅಣಬೆ ಎಳೆ

ಮಣ್ಣೊಳಗೆ ಮರಗಳು ಅಣಬೆಯ ಎಳೆಗಳ ಮೂಲಕ ಮಾತಾಡುತ್ತವೆ, ತಾಯಿ ಮರ ಮಕ್ಕಳಿಗೆ ಊಟ ಕಳಿಸುತ್ತದೆ. ದೊಡ್ಡ ಮರ ಕಡಿದರೆ ಇಡೀ ಸಂಸಾರವೇ ಒಡೆಯುತ್ತದೆ!

ಲೆಕ್ಕದ ಪುಸ್ತಕ

ಇಲ್ಲಿ ಸ್ವಲ್ಪ ನಿಧಾನ. ಸುಝಾನ್ ಸಿಮರ್ಡ್ ಮತ್ತು ಜೊತೆಗಾರರು 1997ರಲ್ಲಿ ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳ ನಡುವೆ ಇಂಗಾಲ ದಾಟುವುದನ್ನು ತೋರಿಸಿದರು. ಅದು ಸರಿಯಾದ ಕೆಲಸ. ಆದರೆ "ತಾಯಿ ಮರ ಮಕ್ಕಳನ್ನು ಗುರುತಿಸಿ ಊಟ ಕಳಿಸುತ್ತದೆ" ಅನ್ನುವ ಮಟ್ಟಕ್ಕೆ ಪುರಾವೆ ಸಾಲದು ಅಂತ 2023ರಲ್ಲಿ ಮೂವರು ಸಂಶೋಧಕರು ಬರೆದರು. ಅವರಲ್ಲಿ ಒಬ್ಬರು 1997ರ ತಂಡದಲ್ಲೂ ಇದ್ದವರು. ಕಾಡಿನ ಪರ ಮಾತಾಡುವಾಗ ಇಂಥ ಸಡಿಲ ಮಾತು ಬೇಡ. ಎದುರಿನವರು ಅದನ್ನೇ ಹಿಡಿದು ಉಳಿದದ್ದನ್ನೂ ತಳ್ಳಿಹಾಕುತ್ತಾರೆ.

ಅಣಬೆ ಎಳೆ

ಸರಿ, ಸಂಸಾರದ ಮಾತು ವಾಪಸ್. ಆದರೆ ಬೇರಿನ ಜೊತೆ ಬದುಕುವ ಅಣಬೆಗಳು ಆಸರೆಯ ಮರ ಹೋದ ಮೇಲೆ ಸಾಯುತ್ತವೆ. ಪೂರ್ತಿ ಬೋಳು ಮಾಡಿದ ಜಾಗದಲ್ಲಿ ಅವುಗಳ ಜಾತಿಗಳು ಬಹಳ ಕಡಿಮೆಯಾಗುತ್ತವೆ. ಅಲ್ಲಲ್ಲಿ ಕೆಲವು ದೊಡ್ಡ ಮರ ಬಿಟ್ಟರೆ ಅವುಗಳ ಬೇರಿನ ಸುತ್ತ ಉಳಿದುಕೊಳ್ಳುತ್ತವೆ. ಇಷ್ಟಕ್ಕೆ ಪುರಾವೆ ಇದೆ.

ಲೆಕ್ಕದ ಪುಸ್ತಕ

ಇದಕ್ಕೆ ನನ್ನ ಒಪ್ಪಿಗೆ ಪೂರ್ತಿ.

ಬಡಗಿ

ನಾನು ಮರದ ಕೆಲಸದವನು. ನನ್ನ ಮಾತೂ ಕೇಳಿ.

ಮರ ಬಿಟ್ಟರೆ ಜನ ಏನು ಬಳಸುತ್ತಾರೆ? ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ, ಕಬ್ಬಿಣ. ಅದನ್ನು ಮಾಡಲು ಎಷ್ಟು ಕಲ್ಲಿದ್ದಲು ಉರಿಯಬೇಕು? ಒಣಗಿದ ಮರದ ತೂಕದಲ್ಲಿ ಅರ್ಧ ಇಂಗಾಲ. ನಾನು ಮಾಡಿದ ಬಾಗಿಲು ನೂರು ವರ್ಷ ನಿಂತರೆ ಆ ಇಂಗಾಲವೂ ಅಲ್ಲೇ ನಿಂತಿರುತ್ತದೆ. ಅದರ ಜೊತೆಗೆ ಎಳೆ ಮರಗಳು ಬೇಗ ಬೆಳೆದು ಗಾಳಿಯಿಂದ ಇನ್ನಷ್ಟು ಎಳೆಯುತ್ತವೆ. ಮುದಿ ಕಾಡು ಬೆಳೆಯುವುದೇ ನಿಂತಿರುತ್ತದೆ.

ಪೊಟರೆ

ಬಡಗಿಯವರೇ, ನಿಮ್ಮ ಬಾಗಿಲಿನ ಮಾತು ಸರಿ. ಕೊನೆಯ ಮಾತು ಸರಿಯಲ್ಲ. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 403 ಜಾತಿಯ ಮರಗಳ ಅಳತೆ ನೋಡಿದರು. ಹೆಚ್ಚುಕಡಿಮೆ ಎಲ್ಲಾ ಜಾತಿಗಳಲ್ಲೂ ಮರ ದಪ್ಪವಾದಷ್ಟೂ ಅದು ವರ್ಷಕ್ಕೆ ಸೇರಿಸಿಕೊಳ್ಳುವ ತೂಕ ಜಾಸ್ತಿಯೇ ಆಗುತ್ತಿತ್ತು.

ಲೆಕ್ಕದ ಪುಸ್ತಕ

ಇಬ್ಬರದೂ ಅರ್ಧ ಅರ್ಧ ಸರಿ. ಒಂದೊಂದು ಮರ ನೋಡಿದರೆ ಪೊಟರೆಯವರು ಹೇಳಿದ್ದು. ಒಂದು ಹೆಕ್ಟೇರ್ ನೋಡಿದರೆ ಎಳೆ ಕಾಡು ವೇಗವಾಗಿ ಬೆಳೆಯುವುದು ನಿಜ, ಅಲ್ಲಿ ಮರಗಳ ಸಂಖ್ಯೆ ಜಾಸ್ತಿ.

ಆದರೆ ವೇಗ ಬೇರೆ, ಆಗಲೇ ಕೂಡಿಟ್ಟದ್ದು ಬೇರೆ. ಹಳೆ ಕಾಡನ್ನು ಕಡಿದಾಗ ಬಾಗಿಲಾಗುವುದು ಸ್ವಲ್ಪ. ರೆಂಬೆ, ಬೇರು, ಬೊಡ್ಡೆ, ತೊಗಟೆ, ಗರಗಸದ ಪುಡಿ ಎಲ್ಲಾ ಕೆಲವು ವರ್ಷ ಅಥವಾ ಕೆಲವು ದಶಕದಲ್ಲಿ ಕೊಳೆತು ಅಥವಾ ಉರಿದು ಗಾಳಿಗೆ ಸೇರುತ್ತದೆ. ಸಸಿ ನೆಟ್ಟ ಮೇಲೂ ಹಲವು ವರ್ಷ ಆ ಜಾಗ ಇಂಗಾಲ ಹೀರುವುದಕ್ಕಿಂತ ಬಿಡುವುದೇ ಜಾಸ್ತಿ. ಇನ್ನೊಂದು, ಜಗತ್ತಿನಲ್ಲಿ ಕಡಿಯುವ ಮರದಲ್ಲಿ ಸುಮಾರು ಅರ್ಧ ಸೌದೆಗೇ ಹೋಗುತ್ತದೆ. ಅದು ನೂರು ವರ್ಷ ಎಲ್ಲಿ ನಿಲ್ಲುತ್ತದೆ?

ಬಡಗಿ

ಸೌದೆ ಲೆಕ್ಕ ನನಗೆ ಹೊಸದು. ಒಪ್ಪಿದೆ. ನಾನು ಈಗೀಗ ಹಳೇ ಕಟ್ಟಡದ ತೊಲೆ, ಕಿಟಕಿ ಬಿಚ್ಚಿದ ಮರವನ್ನೇ ಹುಡುಕಿ ತರುತ್ತೇನೆ. ಮೊಳೆ ತೆಗೆಯುವುದು ಬೇಸರದ ಕೆಲಸ, ಗರಗಸದ ಹಲ್ಲು ಹೋಗುತ್ತದೆ. ಆದರೆ ಚೆನ್ನಾಗಿ ಹದವಾದ ಮರ, ಬಾಗುವುದಿಲ್ಲ. ಗಿರಾಕಿಗಳಿಗೆ ಹೇಳಿದರೆ ಒಪ್ಪುತ್ತಾರೆ.

ದಾರಿಹೋಕ

ಎಲ್ಲರೂ ಮರದ ಬಗ್ಗೆ ಹೇಳಿದಿರಿ. ನನ್ನ ಪ್ರಕಾರ ಅತಿ ದೊಡ್ಡ ಪೆಟ್ಟು ರಸ್ತೆ.

ದಿಮ್ಮಿ ತರಲು ರಸ್ತೆ ಬೇಕು. ದಿಮ್ಮಿ ಮುಗಿಯಿತು, ಲಾರಿ ಹೋಯಿತು, ರಸ್ತೆ ಉಳಿಯಿತು. ಆಮೇಲೆ ಬೇಟೆಯವರು ಬಂದರು, ಜಾಗ ಹಿಡಿಯುವವರು ಬಂದರು. ಬ್ರೆಜಿಲ್‌ನ ಅಮೆಜಾನ್‌ನಲ್ಲಿ ನಾಶವಾದ ಕಾಡಿನ ಸುಮಾರು 95% ಇರುವುದು ರಸ್ತೆಯಿಂದ ಐದೂವರೆ ಕಿಲೋಮೀಟರ್ ಒಳಗೆ, ಇಲ್ಲವೇ ದೋಣಿ ಹೋಗುವ ನದಿಯಿಂದ ಒಂದು ಕಿಲೋಮೀಟರ್ ಒಳಗೆ. ಕಾಂಗೋ ಕಣಿವೆಯಲ್ಲಿ ನಾಟಾ ರಸ್ತೆಯಲ್ಲೇ ಕಾಡುಪ್ರಾಣಿಗಳ ಮಾಂಸ ಹೊರಗೆ ಬರುವುದು. ಮರಗಳು ನಿಂತಿರುತ್ತವೆ, ಒಳಗೆ ಪ್ರಾಣಿ ಇರುವುದಿಲ್ಲ. ಹಣ್ಣು ತಿಂದು ಬೀಜ ಹರಡುವವರೇ ಹೋದ ಮೇಲೆ ಮುಂದಿನ ಕಾಡು ಯಾರು ನೆಡಬೇಕು?

ಬೆಂಕಿಯೂ ಅಷ್ಟೇ. ನೆರಳಿನ ಕಾಡು ಒಳಗೆ ಒದ್ದೆ ಇರುತ್ತದೆ, ಬೆಂಕಿ ಹತ್ತುವುದು ಕಷ್ಟ. ನೆತ್ತಿ ತೆರೆದರೆ ಬಿಸಿಲು ಬಿದ್ದು ತರಗೆಲೆ ಒಣಗುತ್ತದೆ, ಮುರಿದ ರೆಂಬೆ ಸೌದೆಯಂತೆ ಬಿದ್ದಿರುತ್ತದೆ. 1997-98ರಲ್ಲಿ ಬೋರ್ನಿಯೋ ಹೊತ್ತಿಕೊಂಡಾಗ ಹೊಸದಾಗಿ ಕಡಿದ ಕಾಡುಗಳಿಗೇ ಹೆಚ್ಚು ಹಾನಿ ಆಯಿತು.

ನೇರ ಮಾತು

ಹಾಗಾದರೆ ಪೂರ್ತಿ ನಿಷೇಧ ಮಾಡಿಬಿಡಿ. ಮುಗಿಯಿತಲ್ಲ.

ದಾರಿಹೋಕ

ಮಾಡಿದ್ದಾರೆ. 1988ರ ನವೆಂಬರ್ ಪ್ರವಾಹದ ನಂತರ ಥಾಯ್ಲೆಂಡ್ 1989ರ ಜನವರಿಯಲ್ಲಿ ನಿಷೇಧ ಹಾಕಿತು. ಆಮೇಲೆ ಮರ ಬಂದದ್ದು ಪಕ್ಕದ ಬರ್ಮಾ, ಲಾವೋಸ್, ಕಾಂಬೋಡಿಯಾದಿಂದ. ಚೀನಾ 1998ರ ಯಾಂಗ್ಟ್ಸೆ ಪ್ರವಾಹದ ನಂತರ ತನ್ನ ಕಾಡಿನ ಕಡಿತ ತಗ್ಗಿಸಿತು. ಹೊರಗಿಂದ ತರಿಸುವುದು ಏರಿತು. ಗರಗಸದ ಸದ್ದು ಗಡಿ ದಾಟಿತು ಅಷ್ಟೆ. ನಿಷೇಧ ಬೇಡ ಅನ್ನುತ್ತಿಲ್ಲ. ಹಳೆ ಕಾಡು ಮುಟ್ಟಲೇಬಾರದು ಅನ್ನುವವನೇ ನಾನು. ಆದರೆ ಬೇಡಿಕೆಯನ್ನೂ ನೋಡದೆ ಹಾಕಿದರೆ ಹೀಗಾಗುತ್ತದೆ.

ತೊರೆಯ ದಂಡೆ

ತೋಪಿನಿಂದ ತೆಗೆದರೆ ಆಯಿತು ಅನ್ನುವವರಿಗೂ ಒಂದು ಮಾತು. ನ್ಯೂಜಿಲೆಂಡ್ ಸರ್ಕಾರಿ ನೆಲದ ನೈಸರ್ಗಿಕ ಕಾಡಿನ ಕಡಿತವನ್ನು 2002ಕ್ಕೆ ನಿಲ್ಲಿಸಿ ಪೈನ್ ತೋಪುಗಳನ್ನೇ ನಂಬಿದೆ. ಒಳ್ಳೆಯದೇ. ಆದರೆ ಕಡಿದಾದ ಗುಡ್ಡದಲ್ಲಿ ತೋಪು ಬೋಳಿಸಿ ರೆಂಬೆ, ತುಂಡುಗಳನ್ನು ಅಲ್ಲೇ ಬಿಟ್ಟರು. 2023ರ ಫೆಬ್ರವರಿಯಲ್ಲಿ ಗೇಬ್ರಿಯಲ್ ಚಂಡಮಾರುತ ಬಂದಾಗ ಅದೆಲ್ಲಾ ಹೊಳೆಗೆ ಇಳಿದು ಸೇತುವೆಗಳಿಗೆ ಬಡಿಯಿತು, ಕಡಲತೀರದಲ್ಲಿ ರಾಶಿ ಬಿತ್ತು. ತೋಪಾದರೂ ಇಳಿಜಾರು ನೋಡಿ ಕಡಿಯಬೇಕು.

ಪೊಟರೆ

ಒಂದು ಸಮಾಧಾನದ ಸಂಗತಿಯೂ ಹೇಳಬೇಕು. ಸಬಾದಲ್ಲಿ ಎರಡೆರಡು ಸಲ ಕಡಿದ ಕಾಡಿನಲ್ಲೂ ಹಳೆ ಕಾಡಿನ ಹಕ್ಕಿ ಮತ್ತು ಸಗಣಿ ಹುಳದ ಜಾತಿಗಳಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಉಳಿದಿದ್ದವು. ಎಣ್ಣೆ ತಾಳೆ ತೋಟದಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದ್ದರಿಂದ "ಒಮ್ಮೆ ಕಡಿದ ಕಾಡು, ಇನ್ನೇನು ಉಳಿದಿದೆ, ತೋಟ ಮಾಡಿ" ಅನ್ನುವವರನ್ನು ತಡೆಯಲೇಬೇಕು. ಪೆಟ್ಟು ತಿಂದ ಕಾಡೂ ಕಾಡೇ.

ಹಸಿರೆಲೆ

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ತುಂಬಾ ಧನ್ಯವಾದ. ಗೆಳೆಯನಿಗೆ ಈ ಚರ್ಚೆ ಓದಲು ಕಳಿಸಿದ್ದೆ. ಇಡೀ ಓದಿದ್ದಾನೆ. ಬೇರೆ ಯಾವುದಕ್ಕೂ ವಾದ ಮಾಡಲಿಲ್ಲ. ಗರಗಸ ಅವರು ಬರೆದ, ಸಿಗದೆ ಕೊಳೆತ ದಿಮ್ಮಿಯ ವಿಷಯ ಮಾತ್ರ ಎರಡು ಸಲ ಕೇಳಿದ. ಮುಂದಿನ ಸಲ ಮರ ಕೊಳ್ಳುವಾಗ ಅದು ಬಂದ ಜಾಗವನ್ನು ತಾನೇ ಹೋಗಿ ನೋಡುತ್ತಾನಂತೆ. ಅಲ್ಲಿ ಹೋದಾಗ ಮೊದಲು ಏನು ನೋಡಬೇಕು ಅಂತ ಕೇಳುತ್ತಿದ್ದಾನೆ.

ಹಳೇ ಗರಗಸ

ಬೊಡ್ಡೆ ಎಣಿಸುವುದಕ್ಕೆ ಮೊದಲು ಎಳೆದ ದಾರಿ ಎಣಿಸಲು ಹೇಳಿ. ಒಂದೇ ಒಂದು ದಾರಿಗೆ ಕವಲು ಕವಲಾಗಿ ಸೇರಿದ್ದರೆ ಅಲ್ಲಿ ಯಾರೋ ಯೋಚನೆ ಮಾಡಿ ಕೆಲಸ ಮಾಡಿದ್ದಾರೆ. ಎಲ್ಲಾ ಕಡೆ ಹೆಣೆದುಕೊಂಡಿದ್ದರೆ ಮಾಡಿಲ್ಲ. ಆಮೇಲೆ ತೊರೆಗೆ ಇಳಿಯಲಿ. ಯಂತ್ರ ತೊರೆ ದಾಟಿದ ಗುರುತು ಇದೆಯಾ, ದಂಡೆಯ ಮರ ನಿಂತಿದೆಯಾ ನೋಡಲಿ. ಬೊಡ್ಡೆಗಳ ಹತ್ತಿರ ಬಳ್ಳಿಯ ಹಳೇ ಕಡಿತ ಇದೆಯಾ ಅಂತಲೂ. ಮಳೆ ಬಿದ್ದ ಮಾರನೇ ದಿನ ಹೋದರೆ ಇನ್ನೂ ಒಳ್ಳೆಯದು, ನೀರಿನ ಬಣ್ಣ ಕಾಣುತ್ತದೆ. ಬೇಕಾದರೆ ನಾನೂ ಜೊತೆಗೆ ಬರುತ್ತೇನೆ.